ಹಮ್ಮಾಮಿನ ಹೊಗೆ

ಅಟ್ಲಾಸ್ ಬೆಟ್ಟದಿಂದ ನೆರೆ ನುಗ್ಗಿ ಮೂರು ದಿನವಾಗಿತ್ತು. ನಲ್ಲಿ ತಿರುಗಿಸಿದರೆ ಕೆಂಪು ರಾಡಿ. ಅದನ್ನೇ ಕುಡಿದ ಫದ್ಮಾಳ ಮೊಮ್ಮಗಳು ಇಝಾಗೆ ಭೇದಿ ಹತ್ತಿಕೊಂಡು ಕಣ್ಣು ಗುಳಿಬಿದ್ದಿತ್ತು.

“ನೀರು ಕುದಿಸಿಯೇ ಕುಡಿಸಬೇಕು, ಲಲ್ಲಾ,” ಎಂದಳು ನರ್ಸ್ ತಾಮೂ. ಹಿರಿಯಳಾದ ಫದ್ಮಾಳನ್ನು ಕೇರಿಯವರೆಲ್ಲ ‘ಲಲ್ಲಾ’, ಅಂದರೆ ಅಮ್ಮಾವ್ರೇ, ಎಂದೇ ಕರೆಯುತ್ತಿದ್ದರು.

“ಯಾವ ಬೆಂಕೀಲಿ ಕುದಿಸ್ಲಿ? ನನ್ನ ಹೊಟ್ಟೇಲಿ ಉರೀತಿರೋ ಬೆಂಕೀಲಾ? ಗ್ಯಾಸ್ ಇಲ್ಲ, ಸೌದೆ ಎಲ್ಲ ತೊಯ್ದು ತೊಪ್ಪೆ!”

ಹೀಗೆನ್ನುತ್ತಾ ಫದ್ಮಾ ಕಿಟಕಿಯಾಚೆ ನೋಡಿದಳು. ಬುಶ್ತಾನ ಹಮ್ಮಾಮಿನ ಚಿಮಣಿಯಲ್ಲಿ ಹೊಗೆ! ಇಡೀ ಕೇರಿಗೆ ಇದ್ದದ್ದು ಅದೊಂದೇ ಬಿಸಿನೀರಿನ ಸ್ನಾನದ ಮನೆ. ನೆರೆ ಬಂದ ದಿನವೇ ಬುಶ್ತಾ ಅದರ ಬಾಗಿಲು ಮುಚ್ಚಿದ್ದ. ಮತ್ತೆ ಒಲೆ ಯಾರಿಗಾಗಿ ಉರಿಯುತ್ತಿದೆ? ಅವಳಿಗೆ ರೇಗಿಹೋಯಿತು. ಬಕೆಟ್ ಎತ್ತಿಕೊಂಡು ಹೊರಟೇಬಿಟ್ಟಳು. ತಾಮೂ ಹಿಂದೆಯೇ ಓಡಿದಳು.

“ಬಾಗಿಲು ತೆಗಿಯೋ ಬುಶ್ತಾ!”

“ಹಮ್ಮಾಮ್ ಮುಚ್ಚಿದೆ, ಲಲ್ಲಾ.”

“ಹಾಗಾದ್ರೆ ಹೊಗೆ ಯಾರು ಬಿಡ್ತಿದ್ದಾರೆ, ನಿಮ್ಮಪ್ಪನಾ?”

ಬುಶ್ತಾ ಬಾಗಿಲನ್ನು ಒಂದಿಷ್ಟೇ ಸರಿಸಿದ. “ಅದು... ನಮ್ಮ ಮನೆಯವರಿಗೆ ಕುಡಿಯೋಕೆ. ನಂದು ವ್ಯಾಪಾರ, ಧರ್ಮಛತ್ರ ಅಲ್ಲ. ಸರ್ಕಾರದ ಟ್ಯಾಂಕರ್ ಬರುತ್ತಲ್ಲ!”

“ಅದು ಬರೋ ಹೊತ್ತಿಗೆ ಮಗು ಇರಬೇಕಲ್ಲ! ಈ ಕೇರಿಯ ಮದುಮಗಳು, ಬಾಣಂತಿ ಎಲ್ಲಾ ನಿನ್ನಲ್ಲಿಗೇ ಬಂದ್ರು. ಇದೇ ಇಝಾ ಹುಟ್ಟಿದ ನಲವತ್ತನೇ ದಿನ ಇಲ್ಲೇ ಮೊದಲ ನೀರು ಹಾಕಿದ್ದು ನಿಮ್ಮಮ್ಮ. ಆಗ ನಾವು ಗಿರಾಕಿಗಳು, ಈಗ ಯಾರೋ? ನಾಚಿಕೆ ಆಗಲ್ವಾ? ಮಗುಗೆ ಏನಾದ್ರೂ ಆಗ್ಲಿ, ಒಬ್ಬ ಮದುಮಗಳೂ ನಿನ್ನ ಹೊಸ್ತಿಲು ತುಳಿಯಲ್ಲ!”

“ಒಂದಿನ ಬಿಟ್ಟಿ ಕೊಟ್ರೆ ದಿನಾ ಕೇಳ್ತಾರೆ, ಲಲ್ಲಾ...”

ತಾಮೂಗೂ ಸಿಟ್ಟು ಬಂತು. “ಟ್ಯಾಂಕರ್ ಬರೋವರೆಗೆ ಕೊಟ್ರೆ ಸಾಕು, ಬುಶ್ತಾ ಅವರೇ. ನಿಮ್ಮ ಬಾವಿ ಎತ್ತರದಲ್ಲಿದೆ, ನೆರೆ ಮುಟ್ಟಿಲ್ಲ. ಒಲೆಗೆ ಹಾಕೋ ಆಲಿವ್ ಹಿಂಡಿ ಗೋದಾಮಲ್ಲಿ ಒಣಗಿ ಕೂತಿದೆ. ಸರ್ಕಾರದ ಕೈಲಿ ನಾಳೆ ಆಗೋದು ನಿಮ್ಮ ಕೈಲಿ ಈಗಲೇ ಆಗುತ್ತೆ. ಗಿರಾಕಿಗಳೇ ಸತ್ರೆ ವ್ಯಾಪಾರ ಯಾರ ಜೊತೆ?”

ಬುಶ್ತಾ ತಲೆ ತಗ್ಗಿಸಿದ. ತಾಯಿಯ ಮಾತು ಬಂದದ್ದು ಅವನಿಗೆ ನಾಟಿತ್ತು. ಬಾಗಿಲು ಪೂರ್ತಿ ತೆರೆದು, ಒಲೆಗೆ ಹಿಂಡಿ ಸುರಿದ.

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಾಮೂ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ, ಮಗುವಿಗೆ ಗುಟುಕು ಗುಟುಕಾಗಿ ಕುಡಿಸಿದಳು. ಸಂಜೆಗೆ ಇಝಾ ಕಣ್ಣರಳಿಸಿ ರೊಟ್ಟಿ ಕೇಳಿದಳು. ಫದ್ಮಾ ಅತ್ತುಬಿಟ್ಟಳು, ಸಿಟ್ಟು ಮಾತ್ರ ಇಳಿಯಲಿಲ್ಲ.

“ಮೂರು ದಿನ ಯಾಕೋ ಬೇಕಾಯ್ತು ನಿನಗೆ?” ಎಂದು, ಮತ್ತೆ ನೀರಿಗೆ ಹೋದಾಗ ಬುಶ್ತಾನನ್ನು ಕೇಳಿದಳು.

ಬುಶ್ತಾ ಅವಳ ಬಕೆಟ್ ತೆಗೆದುಕೊಂಡು ಅಂಚಿನವರೆಗೂ ನೀರು ತುಂಬಿದ.

ಅಂಗಡಿ, ಹೋಟೆಲು, ಗಿರಣಿ, ಲಾರಿ ಇಟ್ಟುಕೊಂಡವರೇ, ಊರು ಮುಳುಗುವಾಗ ‘ಅದು ಸರ್ಕಾರದ ಕೆಲಸ’ ಎನ್ನಬೇಡಿ. ನಿಮ್ಮಲ್ಲಿ ಏನಿದೆ, ಯಾರಿಗೆ ಒದಗಬಲ್ಲದು ಎಂಬುದನ್ನು ಇಂದೇ ಊರವರ ಜೊತೆ ಕೂತು ಗೊತ್ತುಮಾಡಿಕೊಳ್ಳಿ. ಊರವರೇ, ಮುಚ್ಚಿದ ಬಾಗಿಲ ಹಿಂದೆ ಹೊಗೆ ಕಂಡರೆ ಮೂರು ದಿನ ಕಾಯಬೇಡಿ. ಬಕೆಟ್ ಹಿಡಿದು ಹೋಗಿ, ಬಾಗಿಲು ಬಡಿಯಿರಿ.