ಬಸಿನೀರು

"ಸಂದು ಬಿಟ್ಟೀಯಂದ್ರ ನಿನ್ನ ಬಾಯಾಗ ಸಿಮೆಂಟು ತುಂಬ್ತೀನಿ ಸೂಳೆಮಗನ," ಎಂದು ಏರಿಯ ಮೇಲೆ ಕೊಡೆ ಹಿಡಿದು ನಿಂತಿದ್ದ ಗೌಡ ಕೊಟ್ರಬಸಪ್ಪ ಬೈದ. ನಾನು ಕಾಲುವೆಯ ತಳದಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡು ಚಪ್ಪಡಿಗಳ ನಡುವೆ ಸಿಮೆಂಟು ಮೆತ್ತುತ್ತಿದ್ದೆ. ನೀರು ಬಸಿದು ಹೋಗಿ ಗೌಡನ ಗದ್ದೆಗೆ ಸಾಲುತ್ತಿಲ್ಲವೆಂದು ಆ ಬೇಸಿಗೆ ಸರ್ಕಾರ ಕಾಲುವೆಗೆ ಕಲ್ಲು ಹಾಸಿಸುತ್ತಿತ್ತು.

ಬಸಿದ ನೀರೇನು ಪಾತಾಳಕ್ಕೆ ಹೋಗುತ್ತಿರಲಿಲ್ಲ. ಏರಿಯ ಕೆಳಗೆ ನಮ್ಮ ಹೊಲಗೇರಿಯವರು ತೋಡಿಕೊಂಡ ಒರತೆಗೆ ಬರುತ್ತಿತ್ತು. ಊರ ಬಾವಿಯ ಹತ್ತಿರ ನಮ್ಮನ್ನು ಬಿಟ್ಟುಕೊಳ್ಳುವುದಿಲ್ಲ. ಕಾಲುವೆಗೆ ಕೊಡ ಅದ್ದಿದರೆ ನೀರೆಲ್ಲ ಮೈಲಿಗೆ. ಮಣ್ಣಿನೊಳಗಿಂದ ಬಸಿದು ಬಂದದ್ದನ್ನು ಕುಡಿದರೆ ಮಾತ್ರ ಯಾರ ಜಾತಿಯೂ ಕೆಡುವುದಿಲ್ಲ. ಈಗ ಅದನ್ನೂ ಮುಚ್ಚುವ ಕೂಲಿ ನಮಗೇ ಸಿಕ್ಕಿತ್ತು.

ನನ್ನ ಹೆಂಡತಿ ಭರಮಮ್ಮ ತಲೆಯ ಮೇಲಿನ ಪುಟ್ಟಿ ಇಳಿಸಿದಳು.

"ಗೌಡ್ರ, ನಮ್ಮ ಕೇರಿ ಕಡಿ ಒಂದೀಟು ತೂತು ಬಿಡಸ್ರಿ. ಇಲ್ಲಂದ್ರ ನಾವೇನು ಕುಡೀಬೇಕ್ರಿ?"

"ನಿನ್ನ ಗಂಡನ ಉಚ್ಚಿ ಕುಡಿ."

ಏರಿಯ ಮೇಲಿದ್ದವರು ನಕ್ಕರು. ನಾನು ತಲೆ ಎತ್ತದೆ ಸಂದು ತುಂಬಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕೆಲಸ ಮುಗಿಯಿತು. ನಾವು ತುಳಿದ ಚಪ್ಪಡಿಗಳ ಮೇಲೆ ಅಯ್ಯನವರು ಗಂಜಲ ಚಿಮುಕಿಸಿದರು, ಆಮೇಲೆ ನೀರು ಬಿಟ್ಟರು. ಗೌಡನ ಗದ್ದೆಯಲ್ಲಿ ನಾಟಿಯೂ ಆಯಿತು, ಅದಕ್ಕೂ ನಾವೇ ಬೇಕಾದೆವು. ಇತ್ತ ಒರತೆ ಬತ್ತಿತು. ಭರಮಮ್ಮ ಕೆರೆದು ಕೆರೆದು ತಂದ ನೀರಿನಲ್ಲಿ ಕೆಸರೇ ಹೆಚ್ಚಿತ್ತು. ಅದನ್ನು ಕುಡಿದ ನಮ್ಮ ಕೂಸು ರಾತ್ರಿಯೆಲ್ಲ ಕಾರಿಕೊಂಡಿತು.

ಬೆಳಿಗ್ಗೆ ಅವಳು ನೇರ ಕಾಲುವೆಗೇ ಇಳಿದಳು. ಕೊಡ ತುಂಬಿ ನನ್ನ ಕೈಗೆ ಕೊಟ್ಟಳು. ನಾನದನ್ನು ಅವ್ವನ ಕೈಯಲ್ಲಿ ಕೂಸಿಗೆ ಕಳಿಸಿದೆ. ಭರಮಮ್ಮ ಮಾತ್ರ ನೀರಿನಲ್ಲೇ ನಿಂತಳು. ಅಷ್ಟರಲ್ಲಿ ಗೌಡ ಆಳುಗಳೊಡನೆ ಓಡಿ ಬಂದ.

"ಮ್ಯಾಕ ಬಾರೇ ಬೋಸೂಡಿ. ಇಡೀ ಕಾಲುವಿ ಹೊಲಸು ಮಾಡ್ತೀಯೇನು?"

"ಕೇರಿಯಾರೆಲ್ಲ ತುಂಬ್ಕಂಡ ಮ್ಯಾಲೆ ಬರ್ತೀನ್ರಿ."

ಅವಳನ್ನು ಎಳೆದು ಹಾಕಲು ಯಾರೂ ಇಳಿಯಲಿಲ್ಲ. ಮುಟ್ಟಿದರೆ ಅವರಿಗೇ ಮೈಲಿಗೆ. ಗೌಡ ನೀರಗಂಟಿಯನ್ನು ಕೂಗಿ ತೂಬು ಮುಚ್ಚಿಸಿದ. ಕಲ್ಲು ಹಾಸಿದ ಕಾಲುವೆ, ಒಂದು ಗಳಿಗೆಯಲ್ಲಿ ಬರಿದಾಯಿತು. ಭರಮಮ್ಮ ಒದ್ದೆ ಚಪ್ಪಡಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ನೀರು ಬಿಡ್ರಿ, ತುಂಬ್ಕಂತೀವಿ. ಬಿಡದಿದ್ರ ನಿಮ್ಮ ನೆಲ್ಲೂ ಒಣಗಲಿ."

ಗೌಡನ ಆಳುಗಳು ಕಲ್ಲು ಆರಿಸಿಕೊಂಡರು. ನಾನು ಇಳಿದು ಅವಳ ಪಕ್ಕ ಕೂತೆ. ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಒಬ್ಬೊಬ್ಬರಾಗಿ ಏರಿ ಹತ್ತಿ ಕಾಲುವೆಗೆ ಇಳಿಯತೊಡಗಿದರು, ಎಲ್ಲರಿಗಿಂತ ಮುಂದೆ ಮುದುಕಿ ಜಂಬಕ್ಕ. ಮೊದಲ ಕಲ್ಲು ಭರಮಮ್ಮನ ಭುಜಕ್ಕೆ ಬಿತ್ತು. ಅವಳು ಏಳಲಿಲ್ಲ. ಸ್ವಲ್ಪ ಸರಿದು, ಜಂಬಕ್ಕನಿಗೆ ಕೂರಲು ಜಾಗ ಮಾಡಿಕೊಟ್ಟಳು.