ಹಲಬರ್ಗಾ ದಾಟೇನ್ರಿ

ಬೀದರದ ಚಿದ್ರಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಮಲ್ಲಿಕಾರ್ಜುನನಂಥ ಕೆಲಸಗಾರ ಬಹಮನಿ ಸುಲ್ತಾನರ ಕಾಲದಿಂದ ಈಚೆಗೆ ಹುಟ್ಟಿರಲಿಲ್ಲ. ಅವನು ತಂತಿ ಸುತ್ತಿದ ಮೋಟರು ಒಮ್ಮೆ ಗುಡುಗಿತೆಂದರೆ ಅಷ್ಟೂರಿನ ಗುಮ್ಮಟದೊಳಗೆ ಮಲಗಿದ ಸುಲ್ತಾನರೂ ಬೊಗಸೆ ಒಡ್ಡಿಕೊಂಡು ಎದ್ದು ಕೂಡುತ್ತಿದ್ದರು. ಅವನಂಥ ಸುಳ್ಳನೂ ಹುಟ್ಟಿರಲಿಲ್ಲ. ಅವನ ಬಾಯಲ್ಲಿ ಇದ್ದದ್ದು ಒಂದೇ ಸುಳ್ಳು: "ದಾರ್ಯಾಗ ಅದೇನ್ರಿ." ಮನೆಯಲ್ಲಿ ತಲೆಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದರೂ ಫೋನಿನಲ್ಲಿ ಅವನು ದಾರಿಯಲ್ಲೇ ಇರುತ್ತಿದ್ದ. ಗಿರಾಕಿ ಭಾಲ್ಕಿಯವರಾದರೆ ನಡುದಾರಿಯ ಊರಿನ ಹೆಸರು ಹಿಡಿದು, "ಹಲಬರ್ಗಾ ದಾಟೇನ್ರಿ, ಬಂದೇ ಬಿಟ್ಟೆ." ಹಾಗೆ ನೋಡಿದರೆ ಅವನು ಹಲಬರ್ಗಾ ದಾಟಿದಷ್ಟು ಸಲ ಆ ದಾರಿಯ ರೈಲು ಕೂಡ ದಾಟಿರಲಿಲ್ಲ.

ಅದು ಬರಗಾಲ ಬಿದ್ದು ಲಾತೂರಿಗೆ ರೈಲಿನಲ್ಲಿ ನೀರು ಹೋದ ವರ್ಷ. ಮನ್ನಳ್ಳಿಯ ಬಾವಿಗೆ ಇವತ್ತು ಕಲ್ಲೆಸೆದರೆ ಸದ್ದು ನಾಳೆ ಕೇಳುತ್ತಿತ್ತು. ಊರೂರೇ ಪುಣೆ, ಹೈದರಾಬಾದಿನ ಬಸ್ಸು ಹತ್ತಿದವು. ಮಲ್ಲಿಕಾರ್ಜುನನ ಕೈಯಾಳುಗಳೂ ಹತ್ತಿದರು. ಉಳಿದದ್ದು ಸುಟ್ಟ ಮೋಟರುಗಳ ಗುಡ್ಡ, ಬಾಯಿ ಮುಚ್ಚದ ಒಂದು ಫೋನು, ನಡುವೆ ಅವನೊಬ್ಬ. ಫೋನು ಎತ್ತಿದರೆ ತಂತಿಯ ಸುತ್ತು ತಪ್ಪುತ್ತಿತ್ತು, ಸುತ್ತು ಹಿಡಿದು ಕುಳಿತರೆ ಗಿರಾಕಿ ತಪ್ಪುತ್ತಿದ್ದ. ಹೀಗೆ ಎಲ್ಲರೂ ತಪ್ಪಿ, ದೊಡ್ಡ ಗಿರಾಕಿ ಅಂತ ಉಳಿದದ್ದು ಭಾಲ್ಕಿಯ ಹುಡುಗಿಯರ ಖಾಸಗಿ ಹಾಸ್ಟೆಲ್ ಒಂದೇ.

"ಅದೂ ಕೈ ಬಿಟ್ಟರ ಶೆಟರ್ ಎಳದು ನಾವೂ ಪುಣೆ ಬಸ್ ಹತ್ತೂದೇ," ಎಂದು ಹೆಂಡತಿ ಅಂಬೂಬಾಯಿಗೆ ಹೇಳಿದ.

"ನೀವು ಬಸ್ ಹತ್ತೂಕಿಂತ ಮೊದಲೇ ಪುಣೆ ದಾಟೇನಿ ಅಂತೀರಿ, ಬಿಡ್ರಿ," ಎಂದಳು ಅಂಬೂಬಾಯಿ. ಆದರೆ ದಾರಿ ತೋರಿಸಿದವಳೂ ಅವಳೇ. ಔರಾದದಲ್ಲಿ ಅವಳ ಪರಿಚಯದ ಕುಮುದಿನಿ ಎಂಬಾಕೆ ಇದ್ದಳು. ಮೊದಲು ಹೈದರಾಬಾದಿನ ಕಂಪನಿಯೊಂದರಲ್ಲಿ ಫೋನು ಎತ್ತುತ್ತಿದ್ದವಳು, ಈಗ ಮನೆಯಲ್ಲೇ ಕುಳಿತು ಬೇರೆಯವರ ಅಂಗಡಿಗಳ ಫೋನು ಎತ್ತುತ್ತಿದ್ದಳು. ಯಾರ ಕೆಲಸ ಯಾವಾಗ ಎಂದು ಹೊಂದಿಸುತ್ತಿದ್ದಳು, ಬೀದರದ ಒಂದು ಬ್ಯೂಟಿ ಪಾರ್ಲರನ್ನೂ ಒಂದು ಬ್ಯಾಂಡಿನ ಮೇಳವನ್ನೂ ಕಣ್ಣಿಂದ ನೋಡದೆಯೇ ನಡೆಸುತ್ತಿದ್ದಳು.

"ವರ್ಚುವಲ್ ಅಸಿಸ್ಟಂಟ್ ಅಂತಾರಂತ ಅದಕ್ಕ," ಎಂದಳು ಅಂಬೂಬಾಯಿ.

"ಔರಾದದಾಗ ಕುಂತಾಕಿ ಚಿದ್ರಿ ಅಂಗಡಿ ಹ್ಯಾಂಗ ನೋಡ್ತಾಳ?"

"ನೀವು ಚಿದ್ರ್ಯಾಗ ಕುಂತು ಹಲಬರ್ಗಾ ನೋಡಂಗಿಲ್ಲೇನು? ಹಂಗ."

ಅಂಗಡಿಯ ನಂಬರಿಗೆ ಬಂದ ಕರೆಗಳೆಲ್ಲ ಔರಾದಕ್ಕೆ ತಿರುಗಿದವು. ಚಿದ್ರಿಯಲ್ಲಿ ಎಂಥ ಶಾಂತಿ ಇಳಿಯಿತೆಂದರೆ, ಗೋಡೆಯ ಮೇಲಿನ ಹಲ್ಲಿ ಆಕಳಿಸಿದ್ದೂ ಮಲ್ಲಿಕಾರ್ಜುನನಿಗೆ ಕೇಳುತ್ತಿತ್ತು. ಬೆಳಿಗ್ಗೆ ಕುಮುದಿನಿ ಅವನ ಸ್ವಂತ ಫೋನಿಗೆ ಕರೆ ಮಾಡಿ, "ಅಣ್ಣಾರ, ಯಾವ ಮೋಟರ್ ಯಾವಾಗ ಆಗತದ? ಖರೇ ಹೇಳ್ರಿ," ಎನ್ನುತ್ತಿದ್ದಳು. ಅವನು ಖರೆಯೇ ಹೇಳುತ್ತಿದ್ದ, ಯಾಕೆಂದರೆ ಅವಳೇನೂ ಗಿರಾಕಿಯಲ್ಲ. ಆಮೇಲೆ ಮೋಟರಿನ ಗುಡ್ಡ ದಿನದಿನಕ್ಕೆ ಕರಗಿ ದಿಬ್ಬವಾಯಿತು.

ಆಗಲೇ ಭಾಲ್ಕಿ ಹಾಸ್ಟೆಲಿನ ಮೋಟರು ಸುಟ್ಟು ಅಂಗಡಿಗೆ ಬಂತು. ಕೆಳಗಿನ ಸಂಪಿನಲ್ಲಿ ಟ್ಯಾಂಕರಿನ ನೀರಿದ್ದರೂ ಮೇಲಿನ ಟಾಕಿಗೆ ಏರದೆ, ಹುಡುಗಿಯರು ಕೊಡ ಹೊತ್ತು ಮೆಟ್ಟಿಲು ಸವೆಸುತ್ತಿದ್ದರು. ಮಲ್ಲಿಕಾರ್ಜುನ ತಂತಿ ಸುತ್ತಿ ಮುಗಿಸಿ ವಾರ್ನಿಶ್ ಹಚ್ಚುತ್ತ ಕುಳಿತಿದ್ದ. ಅದು ಒಣಗದೆ ಮೋಟರು ಅಲ್ಲಾಡುವಂತಿರಲಿಲ್ಲ. ವಾರ್ಡನ್ ಭಾಗೀರಥಿಬಾಯಿ ಸಿಟ್ಟಿನ ಹೆಂಗಸು, ಈ ಹೊತ್ತಿಗೆ ಬೇರೆಯವರನ್ನು ಕರೆಸಿಯೇ ಬಿಟ್ಟಿರುತ್ತಾಳೆ ಎಂದುಕೊಂಡ. ಹಳೆಯ ಚಟ ನಾಲಿಗೆಗೆ ಬಂತು. ಅಂಗಡಿಯೊಳಗೇ ನಿಂತಿದ್ದ ಮೊಪೆಡ್ಡಿಗೆ ಕಿಕ್ ಹೊಡೆದು, ಭುರ್ರೆನ್ನುವ ಸದ್ದಿನ ಪಕ್ಕ ನಿಂತು, ಸ್ವಂತ ಫೋನಿನಿಂದ ತಾನೇ ಅವಳಿಗೆ ಕರೆ ಮಾಡಿದ.

"ಬಾಯಾರ, ಹಲಬರ್ಗಾ ದಾಟೇನ್ರಿ!"

"ಹೌದೇನ್ರಿ? ಹಲಬರ್ಗಾದಾಗ ಬಿಸಿಲು ಹ್ಯಾಂಗ ಅದ?"

"ಭಾಳ ಅದರಿ ಬಾಯಾರ, ಟೈರ್ ಕರಗಲತ್ತಾವ."

"ಚಲೋ ಆತು. ವಾರ್ನಿಶ್ ಜಲ್ದಿ ಒಣಗತದ, ಹಂಗಾರ," ಎಂದು ಭಾಗೀರಥಿಬಾಯಿ ಫೋನು ಇಟ್ಟಳು.

ಮೊಪೆಡ್ಡು ತಾನಾಗಿ ಬಂದ್ ಬಿತ್ತು. ಮಲ್ಲಿಕಾರ್ಜುನ ಔರಾದಕ್ಕೆ ಕರೆ ಮಾಡಿ ಹರಿಹಾಯ್ದ. "ಏನವ್ವ ತಂಗಿ, ನನ್ನ ಹೊಟ್ಟಿ ಮ್ಯಾಲ ಹೊಡದ್ಯಲ್ಲ! ಆಕಿಗೆ ಏನ ಹೇಳಿದಿ?"

"ಖರೇನೇ ಹೇಳೀನ್ರಿ. ವಾರ್ನಿಶ್ ಹಚ್ಚಲತ್ತಾರ, ನಾಳಿ ಮಧ್ಯಾಹ್ನಕ್ಕ ಮೋಟರ್ ಬರತದ ಅಂತ. ಅಲ್ಲೀತನಕ ಭಾಲ್ಕಿಯ ನಬೀಸಾಬರ ಟ್ಯಾಂಕರಿನಿಂದ ಪೈಪ್ ಹಚ್ಚಿ ಸೀದಾ ಮ್ಯಾಲಿನ ಟಾಕಿ ತುಂಬಿಸೀನಿ. ನಿಮ್ಮ ವಾಟ್ಸಾಪಿಗೂ ಹಾಕೀನಲ್ರಿ."

"ದಾರ್ಯಾಗ ಅದಾನ ಅಂದಿದ್ರ ಏನ ಹೋಗ್ತಿತ್ತವ್ವ ನಿಂದು?"

"ಅಣ್ಣಾರ, ಸುಳ್ಳ ಹೇಳೂದಿದ್ರ ನಾ ಯಾಕ ಬೇಕ್ರಿ? ನೀವೇ ಸಾಕಲ್ಲ."

ಅವನು ಫೋನು ಇಟ್ಟ. ಅಂಬೂಬಾಯಿಗೆ, "ಹೋತು, ಭಾಲ್ಕಿನೂ ಹೋತು," ಎಂದ. ಅವಳು ಪುಣೆಗೆಂದು ಅಟ್ಟದ ಮೇಲಿನ ದೊಡ್ಡ ಚೀಲ ಇಳಿಸಿ ಧೂಳು ಜಾಡಿಸಿದಳು. ಅವನಿಗೆ ಅದನ್ನು ನೋಡಲಾಗಲಿಲ್ಲ.

ಮರುದಿನ ಮೊಪೆಡ್ಡಿನ ಹಿಂದೆ ಮೋಟರು ಬಿಗಿದುಕೊಂಡು ಹೊರಟ. ಕುಮುದಿನಿ ಮಧ್ಯಾಹ್ನ ಎಂದಿದ್ದಳು, ಇವನು ಅದಕ್ಕೂ ಮೊದಲೇ ಹಾಸ್ಟೆಲಿನ ಗೇಟಿನಲ್ಲಿದ್ದ. ಮೋಟರು ಕೂಡಿಸಿ ಸ್ವಿಚ್ ಒತ್ತಿದಾಗ ನೀರು ಏರಿದ ರಭಸಕ್ಕೆ ಟಾಕಿಯ ಮೇಲೆ ಕುಳಿತಿದ್ದ ಪಾರಿವಾಳಗಳು ಮಹಾರಾಷ್ಟ್ರದ ಗಡಿ ದಾಟಿ ಹೋದವು.

ಅವನು ತಲೆ ತಗ್ಗಿಸಿ, "ಇನ್ನ ಮುಂದ ಬ್ಯಾರೆಯವರಿಗೆ ಹೇಳ್ತೀರೇನ್ರಿ ಬಾಯಾರ?" ಎಂದ.

"ಹೇಳಿದ್ದೆರಿ. ನಿಮ್ಮ ಮೋಟರ್ ಬರೂತನಕ ಒಂದು ಬಾಡಿಗಿ ಮೋಟರ್ ತರ್ರಿ ಅಂತ ಇದೇ ಊರಾಂವಗ ಹೇಳಿದ್ದೆ," ಎಂದಳು ಭಾಗೀರಥಿಬಾಯಿ. "ಆತ ಮೊನ್ನಿಂದ ದಾರ್ಯಾಗೇ ಅದಾನ. ದಾರಿ ಎಲ್ಲಿ ಅದೋ, ಆತ ಎಲ್ಲಿ ಅದಾನೋ! ನಿಮ್ಮ ಹುಡುಗಿ ನಾಳಿ ಅಂದ್ಲು, ಟಾಕಿ ತುಂಬಿಸಿದ್ಲು, ನಾ ನೆಮ್ಮದಿಯಿಂದ ಕುಂತೆ. ಕೆಲಸ ನಿಮಗೇ ಇರ್ಲಿ. ಫೋನ್ ಮಾತ್ರ ಆಕೀನೇ ಎತ್ತಬೇಕು. ನೀವು ಎತ್ತಿದ್ರ ನಾ ಇಟ್ಟುಬಿಡ್ತೇನಿ, ನೋಡ್ರಿ."

ಮಲ್ಲಿಕಾರ್ಜುನ ಮರಳಿ ಹೊರಟ. ಬರಗಾಲದ ಬಿಸಿಲು ಅವನೊಬ್ಬನ ಮಟ್ಟಿಗೆ ಬೆಳದಿಂಗಳಾಗಿತ್ತು. ಹಲಬರ್ಗಾ ಬಂತು, ದಾಟಿತು. ಬೇವಿನ ಮರದ ನೆರಳಿಗೆ ಮೊಪೆಡ್ಡು ನಿಲ್ಲಿಸಿ ಮನೆಗೆ ಫೋನು ಮಾಡಿದ.

"ಅಂಬೂ, ಚೀಲ ಅಟ್ಟದ ಮ್ಯಾಲ ಇಡು. ಕೆಲಸ ಉಳೀತು. ಹಲಬರ್ಗಾ ದಾಟೇನಿ, ಬಂದೇ ಬಿಟ್ಟೆ."

"ದಾಟೇನಿ ಅಂದ್ರ, ಇನ್ನೂ ಭಾಲ್ಕ್ಯಾಗೇ ಭಜಿ ತಿನ್ಲತ್ತೀರಿ?"

"ಖರೇನೇ ದಾಟೇನಿ! ನಿನ್ನ ಆಣಿ!"

"ತಡೀರಿ," ಎಂದಳು ಅಂಬೂಬಾಯಿ, "ಔರಾದಕ್ಕ ಕೇಳಿ ಹೇಳ್ತೇನಿ."

ತಾನು ಹಲಬರ್ಗಾ ದಾಟಿದ್ದೇನೆಂದು ಔರಾದದಿಂದ ಹೇಳಿಕೆ ಬರುವವರೆಗೆ ಮಲ್ಲಿಕಾರ್ಜುನ ಆ ಬೇವಿನ ಮರದ ಕೆಳಗೇ ಕುಳಿತಿದ್ದ.