ಕೈಮರಕ್ಕೊಂದು ಮುಯ್ಯಾಳು

“ಕೂಲಿ ಕೊಡಿ ಅಂತ ನನ್ನ ಮನೆ ಬಾಗಿಲಿಗೆ ಬಂದಿದ್ದಾ ನೀನು? ನಿನ್ನ ಅಜ್ಜಿ ಇದ್ದಿದ್ರೆ ಮೊದ್ಲು ನಿನ್ನ ಕಿವಿ ಹಿಂಡಿ, ಆಮೇಲೆ ನನ್ನ ಕಿವೀನೂ ಹಿಂಡ್ತಿದ್ಲು ಮಾರಾಯ್ತಿ. ಕೂತ್ಕೊ ಸುಮ್ನೆ. ಕಾಫಿ ಆರ್ತದೆ.”

ಹಿರೇಕೊಡಿಗೆಯ ಸುಲೋಚನಮ್ಮ ಹೀಗೆಂದವರೇ ಕೋಡುಬಳೆಯ ತಟ್ಟೆಯನ್ನು ನಯನಳ ಮಡಿಲಿಗೆ ಹೆಚ್ಚುಕಡಿಮೆ ಸುರಿದೇಬಿಟ್ಟರು. ಜಗಲಿಯ ಮೇಲೆ ಸಾಲಾಗಿ ನಾಲ್ವರು ಹುಡುಗಿಯರು. ನಾಲ್ವರದೂ ಗೈಡ್ಸ್ ಸಮವಸ್ತ್ರ, ಕೊರಳಲ್ಲಿ ಸ್ಕಾರ್ಫು, ಕೈಯಲ್ಲಿ ಕಾಫಿ ಲೋಟ. ಅಂದು ಶುಕ್ರವಾರ, ಶಾಲೆಗೆ ಎರಡು ದಿನ ರಜೆ; ಬೆಳಗಿನಿಂದ ಇದು ಮೂರನೆಯ ಮನೆ, ಮೂರನೆಯ ಕಾಫಿ. ಕೆಲಸ ಮಾತ್ರ ಒಂದು ಮನೆಯಲ್ಲೂ ಸಿಕ್ಕಿರಲಿಲ್ಲ.

“ಎಂತಾದ್ರೂ ಕೊಡಿ ಅತ್ತೆ. ಅಂಗಳ ಗುಡಿಸ್ತೀವಿ, ಕೊಟ್ಟಿಗೆ ತೊಳಿತೀವಿ,” ಎಂದಳು ನಯನ. ನೆಂಟಸ್ತಿಕೆಯೇನೂ ಇಲ್ಲದಿದ್ದರೂ ಊರಿನ ಮರ್ಯಾದೆಗೆ ಅತ್ತೆ.

“ಮನೆಗೆ ಬಂದ ಹೆಣ್ಣುಮಕ್ಳ ಕೈಲಿ ಸಗಣಿ ಬಾಚಿಸ್ಲಾ? ನಾಳೆ ಊರು ಆಡ್ಕೊಳ್ಳೋದು ನಿನ್ನನ್ನಲ್ಲ, ನನ್ನನ್ನ!”

ನಯನ ಕೋಡುಬಳೆ ಮುರಿದಳು. ಬೇರೆ ದಾರಿ ಇರಲಿಲ್ಲ.

ಆಗಿದ್ದಿಷ್ಟು. ಊರಿನ ರಸ್ತೆ ಟಾರು ರಸ್ತೆಗೆ ಸೇರುವ ಕೈಮರದಲ್ಲಿ ಬಸ್ಸು ನಿಲ್ಲುತ್ತದೆ, ಆದರೆ ಕೂರಲು ಒಂದು ಕಟ್ಟೆಯೂ ಇಲ್ಲ. ಕೊಪ್ಪದ ಆಸ್ಪತ್ರೆಗೆ ಹೋಗುವ ಮುದುಕಿಯರು ಮೈಲಿಗಲ್ಲಿನ ಮೇಲೆ ಸರದಿಯಲ್ಲಿ ಕೂರುತ್ತಾರೆ. ಅಲ್ಲೊಂದು ಕಲ್ಲುಬೆಂಚು ಹಾಕುತ್ತೇವೆ ಎಂದು ನಯನ ಕೊಪ್ಪದ ತನ್ನ ಹೈಸ್ಕೂಲಿನ ಪ್ರಾರ್ಥನೆಯ ಹೊತ್ತಿನಲ್ಲಿ, ಇಡೀ ಶಾಲೆಯ ಎದುರು, ಮೈಕಿನಲ್ಲೇ ಹೇಳಿಬಿಟ್ಟಿದ್ದಳು. ಮೈಕು ಕಂಡರೆ ಅವಳ ನಾಲಿಗೆಗೆ ಲಗಾಮಿರುವುದಿಲ್ಲ.

ಗೈಡ್ಸ್ ನಡೆಸುವ ಮಾಲತಿ ಟೀಚರು ಬೆಂಚಿಗೆ ಒಪ್ಪಿದ್ದರು, ಜೊತೆಗೆ ನಿಯಮವನ್ನೂ ಹೇಳಿದ್ದರು. “ಇದಕ್ಕೆ ನಮ್ಮಲ್ಲಿ ಖರಿ ಕಮಾಯಿ ಅಂತಾರೆ, ಬೆವರಿನ ಸಂಪಾದನೆ. ಸಮವಸ್ತ್ರ ಹಾಕ್ಕೊಂಡು ಕೈ ಚಾಚೋ ಹಾಗಿಲ್ಲ. ಕೆಲಸ ಮಾಡಿ, ಅದಕ್ಕೆ ತಕ್ಕಷ್ಟೇ ತಗೊಳ್ಳಿ. ತಕ್ಕದ್ದಕ್ಕಿಂತ ಜಾಸ್ತಿ ಬಂದ್ರೆ ಅದೂ ಭಿಕ್ಷೆನೇ. ಭಾನುವಾರದೊಳಗೆ ಬೆಂಚು ಆಗ್ಲಿಲ್ಲ ಅಂದ್ರೆ ಬಿಟ್ಬಿಡಿ, ಶಾಲೆ ಕೈತೋಟಕ್ಕೆ ಪಾತಿ ಮಾಡಿ. ಮುಂದಿನ ವಾರ ಎನ್‌.ಆರ್‌.ಪುರದಲ್ಲಿ ಶಿಬಿರ.”

ಕೆಲಸ ಕೇಳುವುದು ಇಷ್ಟು ಕಷ್ಟವೆಂದು ಯಾರಿಗೆ ಗೊತ್ತಿತ್ತು? ಮಲೆನಾಡಿನ ಮನೆಗಳು ಕೇಳಿದ್ದೆಲ್ಲ ಕೊಡುತ್ತವೆ; ಬಂದ ಮಕ್ಕಳ ಕೈಗೆ ಪೊರಕೆ ಮಾತ್ರ ಕೊಡುವುದಿಲ್ಲ. ಸ್ಕೌಟ್ ಹುಡುಗರ ಮುಂದಾಳು ಸಂತೋಷ ಬೆಳಿಗ್ಗೆಯೇ ಸೈಕಲ್ ನಿಲ್ಲಿಸಿ ಹಲ್ಲು ಕಿರಿದು ಹೋಗಿದ್ದ: “ಈ ಸಲ ಕಾಫಿ ಕುಡಿಯೋದಕ್ಕೂ ಬ್ಯಾಡ್ಜ್ ಕೊಡ್ತಾರಂತೆ, ಹೌದಾ?”

ಹೊರಡುವಾಗ ಸುಲೋಚನಮ್ಮ ಒಬ್ಬೊಬ್ಬಳಿಗೂ ಕುಂಕುಮ ಇಟ್ಟು ತಾಂಬೂಲ ಕೊಟ್ಟರು. ನಯನಳ ವೀಳ್ಯದೆಲೆಯ ಕೆಳಗೆ ಏನೋ ಗರಿಗರಿ ಅಂದಿತು. ನೋಡಿದರೆ ಐನೂರರ ನೋಟು.

“ಅತ್ತೆ, ಇದು ಬೇಡ.”

“ತಾಂಬೂಲದ ದಕ್ಷಿಣೆ ಬೇಡ ಅನ್ಬಾರ್ದು ಕಣೇ. ಬೆಂಚಿಗೆ ಇರ್ಲಿ.”

“ಎಲೆ ಅಡಿಕೆ ಕಣ್ಣಿಗೊತ್ಕೊಂಡು ತಗೊಳ್ತೀನಿ. ನೋಟು ಮುಟ್ಟಿದ್ರೆ ಈ ಸ್ಕಾರ್ಫ್ ಬಿಚ್ಚಿಡ್ಬೇಕಾಗ್ತದೆ.”

ಸುಲೋಚನಮ್ಮನ ಮುಖ ಸಣ್ಣದಾಯಿತು. ಅವರ ಜಗಲಿಯಿಂದ ಯಾರೂ ಇದುವರೆಗೆ ಕೊಟ್ಟದ್ದನ್ನು ವಾಪಸು ಇಟ್ಟು ಹೋಗಿರಲಿಲ್ಲ. ನೋಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, “ನಮ್ಮನೆ ದುಡ್ಡು ನಿಮ್ಮ ಬೆಂಚಿಗೆ ಆಗ್ಬರಲ್ಲ ಅನ್ನು,” ಎಂದರು. ನಯನ ಎಲೆ ಅಡಿಕೆ ಮಾತ್ರ ಎತ್ತಿಕೊಂಡಳು.

ಅಷ್ಟರಲ್ಲಿ ಅವರ ಗಂಡ ವಾಸಪ್ಪನ ಸ್ಕೂಟರು ಅಂಗಳಕ್ಕೆ ಬಂದು ಕೆಮ್ಮಿ ನಿಂತಿತು. ವಾಸಪ್ಪ ಹೆಲ್ಮೆಟ್ ತೆಗೆಯುವ ಮೊದಲೇ ಶುರುಮಾಡಿದರು. “ಬಾಳೆಹೊನ್ನೂರು ತನಕ ಹೋಗ್ಬಂದೆ. ಒಂದಾಳು ಸಿಕ್ಲಿಲ್ಲ. ಫೋನ್ ಮಾಡಿದ್ರೆ ಎತ್ತಲ್ಲ, ಎತ್ತಿದ್ರೆ ನಾಡಿದ್ದು ಅಂತಾರೆ. ಕಾಫಿ ಹಣ್ಣು ಕುಯ್ದಿದ್ದಾಯ್ತು, ಉದುರು ಹೆಕ್ಕೋರು ಯಾರು? ನೆಲದ ಮೇಲೇ ಬಿಟ್ರೆ ಹುಳ ಬೀಳ್ತದೆ, ಬರೋ ವರ್ಷದ ಕಾಫೀನೂ ಹೋಗ್ತದೆ. ಆಳು ಅಂತ ಒಂದು ನರಪಿಳ್ಳೆ ಇಲ್ಲ ಈ ಊರಲ್ಲಿ!”

ಇಷ್ಟನ್ನೂ ಅವರು ಗಟ್ಟಿಮುಟ್ಟಾದ ನಾಲ್ವರು ಹುಡುಗಿಯರ ಕಡೆ ತಿರುಗಿಯೇ ಹೇಳಿದರು.

“ನಾವಿದ್ದೀವಲ್ಲ ಮಾವ,” ಎಂದಳು ನಯನಳ ಗೆಳತಿ ಭವ್ಯ.

ವಾಸಪ್ಪ ಮನಸಾರೆ ನಕ್ಕರು. “ನೀವು ನೆಂಟ್ರು ಕಣ್ರೋ. ಕಾಫಿ ಕುಡಿದ್ರಾ?”

ಹುಡುಗಿಯರು ಗೇಟಿನ ತನಕ ಬಂದರು. “ನಡಿ, ಕೈತೋಟವೇ ಗತಿ,” ಎಂದಳು ಭವ್ಯ. “ಪಾತಿ ಮಾಡೋದ್ರಲ್ಲಿ ನಾನು ಎಕ್ಸ್‌ಪರ್ಟು.”

ನಯನ ಹಿಂತಿರುಗಿ ನೋಡುತ್ತಿದ್ದಳು. ಸುಲೋಚನಮ್ಮ ಒಂದು ಬುಟ್ಟಿ ಹಿಡಿದು ಮನೆಯ ಹಿಂದಿನ ತೋಟಕ್ಕೆ ಇಳಿಯುತ್ತಿದ್ದರು. ಕಾಫಿ ಗಿಡದ ಬುಡದಲ್ಲಿ ಕೂರಲು ಒಂದು ಕೈಯಿಂದ ಕಾಂಡ ಹಿಡಿದರು, ಇನ್ನೊಂದರಿಂದ ಮಂಡಿ ಒತ್ತಿಕೊಂಡರು, ಅರ್ಧ ಕೂತು “ಅಯ್ಯಪ್ಪಾ” ಎಂದರು. ಪ್ರತಿ ಬುಧವಾರ ಅದೇ ಮಂಡಿ ತೋರಿಸಲು ಕೈಮರಕ್ಕೆ ಬಂದು, ಮೈಲಿಗಲ್ಲಿನ ಮೇಲೆ ಹೀಗೇ ಅರ್ಧ ಕೂರುವವರು ಅವರು.

ನೆಂಟರಿಗೆ ಕೆಲಸ ಹೇಳುವುದಿಲ್ಲ. ಕೂಲಿ ಕೊಟ್ಟರೆ ಮರ್ಯಾದೆ ಹೋಗುತ್ತದೆ. ಹಾಗಾದರೆ ನೆಂಟರೂ ಅಲ್ಲದ, ಕೂಲಿಯವರೂ ಅಲ್ಲದ ಕೈಗಳು ಈ ಊರಿನ ಗದ್ದೆಗೆ ಇಳಿಯುತ್ತಿದ್ದುದು ಹೇಗೆ? ಅಜ್ಜಿ ನಾಟಿಯ ಕಥೆ ಹೇಳುವಾಗಲೆಲ್ಲ ಬರುತ್ತಿದ್ದ ಮಾತೊಂದು ನೆನಪಾಗಿ, ನಯನ ಓಡಿದಳು.

“ಅತ್ತೆ, ಏಳಿ. ನಾವು ಮುಯ್ಯಾಳು ಬಂದಿದ್ದೀವಿ.”

ಸುಲೋಚನಮ್ಮನ ಕೈ ಬುಟ್ಟಿಯ ಮೇಲೇ ನಿಂತಿತು. ಮುಯ್ಯಾಳೆಂದರೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದರಲ್ಲಿ ದೊಡ್ಡ ಮನೆ, ಸಣ್ಣ ಮನೆ ಎಂಬುದಿಲ್ಲ, ಸಂಕೋಚವೂ ಇಲ್ಲ. ಬಾಗಿಲಿಗೆ ಬಂದ ಮುಯ್ಯಾಳನ್ನು ಬೇಡವೆಂದು ಕಳಿಸುವ ಮನೆ ಆ ಸೀಮೆಯಲ್ಲಿ ಇಲ್ಲ.

“ಮುಯ್ಯಾಳು ಅಂದ್ರೆ ತಮಾಷೆ ಅಲ್ಲ,” ಎಂದರು ಅವರು ನಿಧಾನಕ್ಕೆ. “ತೀರಿಸ್ಬೇಕಾಗ್ತದೆ. ನಿಮ್ಮ ಗದ್ದೆ ಕುಯ್ಲು ಮುಗ್ದೇ ಹೋಯ್ತಲ್ಲ. ಎಲ್ಲಿಗೆ ಬಂದು ತೀರಿಸ್ಲಿ?”

“ಕೈಮರಕ್ಕೆ ಬನ್ನಿ. ಬೆಂಚು ನಿಲ್ಸೋಕೆ ನಮಗೂ ಆಳು ಬೇಕು.”

ನಯನ ಅಲ್ಲಿಂದಲೇ ಮಾಲತಿ ಟೀಚರಿಗೆ ಫೋನ್ ಹಚ್ಚಿದಳು. ಟೀಚರು ಎಲ್ಲ ಕೇಳಿ, “ದುಡಿಮೆಗೆ ದುಡಿಮೆ. ಇದಕ್ಕಿಂತ ಖರಿ ಕಮಾಯಿ ಯಾವುದಿದೆ?” ಎಂದರು. “ಆದ್ರೆ ತೂಕ ಸರಿಯಾಗಿರ್ಬೇಕು. ನಿಮ್ಮ ಮೇಲಿನ ಪ್ರೀತಿಗೆ ಅವರು ಜಾಸ್ತಿ ಹಾಕೋ ಹಾಗಿಲ್ಲ. ಮನೇಲಿ ಹೇಳಿ ಕೆಲಸಕ್ಕೆ ಇಳೀರಿ. ಮರ ಹತ್ಬೇಡಿ.”

ಜಾಸ್ತಿ ಹಾಕುವ ಕೆಲಸವನ್ನು ವಾಸಪ್ಪ ಕೂಡಲೇ ಶುರುಮಾಡಿದರು. “ಕೊಟ್ಟಿಗೆ ಹಿಂದೆ ಒಂದು ಚಪ್ಪಡಿ ಬಿದ್ದಿದೆ, ಕಾಲಿಗೆ ಎರಡು ಗುಂಡುಕಲ್ಲೂ ಇದಾವೆ. ತಗೊಂಡ್ಹೋಗ್ರೋ. ಹಾವು ಸಂಸಾರ ಮಾಡೋದು ಬಿಟ್ರೆ ಎಂತಕ್ಕೂ ಬರಲ್ಲ.”

“ಸುಮ್ನೆ ಬೇಡ ಮಾವ. ಅದಕ್ಕೆಷ್ಟು ಕೆಲಸ ಹೇಳಿ.”

“ಇದೊಳ್ಳೆ ಕಥೆ! ಕೇಳಿದ್ರೆ ಸಿಗಲ್ಲ ಅಂತೀರಿ, ಕೊಟ್ರೆ ಬೇಡ ಅಂತೀರಿ—”

“ನೀವು ಸುಮ್ನಿರಿ,” ಎಂದು ಸುಲೋಚನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೋಡುಬಳೆ ಸುರಿದ ಹೆಂಗಸು ಇವರೇನಾ ಎನ್ನುವ ಹಾಗೆ ಅವರ ಮುಖ ಬದಲಾಗಿತ್ತು. ಶೃಂಗೇರಿ ಸಂತೆಯಲ್ಲಿ ತರಕಾರಿಯವರು ಕಂಡು ಹೆದರುವ ಮುಖ ಅದು. “ಚಪ್ಪಡಿಗೆ ಮೇಲಿನ ತೋಟದ ಉದುರು ಪೂರ್ತಿ. ಇವರು ಒಂದಿನ ಬಂದು ಬೆಂಚು ಕಟ್ಟೋದಕ್ಕೆ ಕೆಳಗಿನ ತೋಟ.”

“ಕೆಳಗಿನದು ಎರಡರಷ್ಟಿದೆ ಅತ್ತೆ! ಮಾವ ಅಷ್ಟು ದುಬಾರಿನಾ?” ಎಂದಳು ನಯನ.

“ಮಾವ ನಿಮಿಷಕ್ಕೊಂದ್ಸಲ ಎಲೆಅಡಿಕೆ ಹಾಕ್ತಾರೆ. ಅದನ್ನ ಕಳೀರಿ,” ಎಂದಳು ಭವ್ಯ.

“ಹಾಕ್ತಾರೆ, ಒಪ್ದೆ. ಹಳ್ಳದ ತನಕ ಬೇಡ, ಹಲಸಿನ ಮರದ ತನಕ. ಸಿಮೆಂಟು ಮರಳು?”

“ಸಿಮೆಂಟು ಮರಳಿಗೆ ಪಕ್ಕದ ಮನೆ ಕಣದಲ್ಲಿ ಕಾಫಿ ಹರವಿ ಕೊಡ್ತೀವಿ. ಅವರಿಗೂ ಮುಯ್ಯಾಳು ಅಂತೀವಿ. ಈಗ ಗುಟ್ಟು ಗೊತ್ತಾಯ್ತಲ್ಲ.”

“ಸೈ. ಆದ್ರೆ ಒಂದು ಹಣ್ಣು ನೆಲದಲ್ಲಿ ಕಂಡ್ರೂ ಚಪ್ಪಡಿ ಇಲ್ಲ, ತಿಳೀತಾ?”

ಸುಲೋಚನಮ್ಮ ಹೇಳಿದಂತೆ ನಡೆದುಕೊಂಡರು. ಶುಕ್ರವಾರ ಸಂಜೆ, ಶನಿವಾರ ಇಡೀ ದಿನ ಹುಡುಗಿಯರು ತರಗೆಲೆ ಸರಿಸಿ ಸರಿಸಿ ಹೆಕ್ಕಿದರು, ನಡುವೆ ಪಕ್ಕದ ಮನೆಯ ಕಣದಲ್ಲಿ ಕಾಫಿಯನ್ನೂ ಹರವಿದರು. ಸುಲೋಚನಮ್ಮ ಹಿಂದಿನಿಂದ ಕೋಲೂರಿಕೊಂಡು ಬಂದು ಎಲೆ ಕೆದಕಿ ನೋಡಿದರು. “ಇದೆಂತ ಇದು, ಮುತ್ತಾ? ಇಲ್ಲೇ ಬಿಟ್ಟಿದ್ದೀಯಲ್ಲ!” “ಸೊಂಟ ನೋವಾ? ನಿನಗೆ ಸೊಂಟ ಎಲ್ಲಿದೆ ಇನ್ನೂ!” ಬೈಗುಳ ಬಿದ್ದಷ್ಟೂ ನಯನಳಿಗೆ ಖುಷಿ. ನೆಂಟರನ್ನು ಯಾರೂ ಹೀಗೆ ಬೈಯುವುದಿಲ್ಲ. ಮಧ್ಯಾಹ್ನ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ಮುಯ್ಯಾಳಿಗೆ ಊಟ ಹಾಕುವುದು ನಿಯಮದೊಳಗೇ ಇದೆ.

ಶನಿವಾರ ಹೊರಡುವಾಗ ಮತ್ತೆ ತಾಂಬೂಲ ಬಂತು. ನಯನ ಹೆದರಿಕೊಂಡೇ ಎಲೆಯ ಕೆಳಗೆ ಬೆರಳಾಡಿಸಿದಳು. ಅಡಿಕೆ ಇತ್ತು. ಬೇರೇನೂ ಇರಲಿಲ್ಲ. ತಲೆಯೆತ್ತಿದರೆ ಸುಲೋಚನಮ್ಮ, “ಹುಡುಕ್ಬೇಡ, ನಾಳೆ ನಾವು ತೀರಿಸೋದು ಬಾಕಿ ಇದೆ,” ಎಂದು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ವಾಸಪ್ಪ ಗುಂಡುಕಲ್ಲು ನೆಟ್ಟು, ಪಕ್ಕದ ಮನೆಯ ಪ್ರಕಾಶನ ಜೊತೆ ಚಪ್ಪಡಿ ಎತ್ತಿ ಕೂರಿಸಿದರು. ಹುಡುಗಿಯರು ಗಾರೆ ಕಲಸಿದರು. ಸಂತೋಷ ಸೈಕಲ್ ನಿಲ್ಲಿಸಿ ನೋಡಿದ. ಈ ಸಲ ಹಲ್ಲು ಕಿರಿಯಲಿಲ್ಲ. “ನಮ್ಮ ಹುಡುಗ್ರಿಗೂ ಎಲ್ಲೂ ಕೆಲಸ ಸಿಗ್ತಿಲ್ಲ ಮಾರಾಯ್ತಿ. ಹೇಗೆ ಕೇಳ್ಬೇಕು?” ಎಂದ.

“ಮೊದ್ಲು ಗಾರೆಗೆ ನೀರು ತಾ, ಹೇಳ್ತೀನಿ. ಸುಮ್ನೆ ಹೇಳಿದ್ರೆ ಅದೂ ಭಿಕ್ಷೆ ಆಗ್ತದೆ,” ಎಂದಳು ನಯನ. ಸಂತೋಷ ಕೊಡ ಎತ್ತಿಕೊಂಡ.

ಸಂಜೆ ಹೊತ್ತಿಗೆ ಗಾರೆ ಬಿಗಿದಿತ್ತು. ಸುಲೋಚನಮ್ಮ ಕೋಲೂರಿಕೊಂಡು ಕೈಮರಕ್ಕೆ ಬಂದರು, ಚಪ್ಪಡಿಯನ್ನು ಅಂಗೈಯಿಂದ ತಟ್ಟಿದರು, ಬಾಗಿ ಎರಡೂ ಕಾಲು ನೋಡಿದರು.

“ಎಡಗಡೆ ಒಂದು ಕೂದ್ಲೆಳೆ ತಗ್ಗು,” ಎಂದರು.

“ಅದು ಮಾವನ ಮುಯ್ಯಿ ಅತ್ತೆ. ನಮ್ಮ ಕೆಲಸ ಹೆಂಗಿತ್ತು ಹೇಳಿ.”

“ನಿಮ್ಮ ಕೆಲಸಾನಾ? ಬರೋ ವರ್ಷವೂ ಬನ್ನಿ.”

ಅವರು ಸೆರಗು ಸರಿಮಾಡಿಕೊಂಡು ಪೂರ್ತಿ ಕೂತರು, ಕೋಲನ್ನು ಪಕ್ಕಕ್ಕಿಟ್ಟು ಕಾಲು ನೀಡಿದರು. ಅಷ್ಟರಲ್ಲಿ ಕೊಪ್ಪದ ಬಸ್ಸು ತಿರುವಿನಲ್ಲಿ ಕಾಣಿಸಿತು. ಬೆಂಚಿನ ಮೇಲೆ ಜನ ಕಂಡು ಡ್ರೈವರು ಬ್ರೇಕು ಹಾಕಿದ. ಬಾಗಿಲು ತೆರೆದ ಕಂಡಕ್ಟರು “ಹತ್ತಿ, ಹತ್ತಿ” ಎಂದು ಕೈ ಬೀಸಿದ. ಸುಲೋಚನಮ್ಮ ಕೂತಲ್ಲಿಂದಲೇ, ಒಂದಿಷ್ಟೂ ಅಲುಗದೆ, ಹೋಗು ಎಂದು ಕೈ ಮಾಡಿ ಬಸ್ಸನ್ನು ಕಳಿಸಿಕೊಟ್ಟರು.